ಚೌತಿಯ ರಾತ್ರಿ ಕಳೆದುಹೋದ ಮಣಿ

ಗಣೇಶನ ಹಬ್ಬದ ಸಂಜೆ ಅಂಗಳಕ್ಕಿಳಿದ ಮಕ್ಕಳಿಗೆ ಅಜ್ಜಿಯಂದಿರು ಕೂಗಿ ಹೇಳುವುದು ಒಂದೇ ಮಾತು: "ತಲೆ ಎತ್ತಬೇಡ್ರೋ, ಚಂದ್ರ ಕಂಡೀತು!" ಹಾಗೆಂದ ಮೇಲೆ ಯಾವ ಮಗು ನೋಡದೆ ಇದ್ದೀತು? ನೋಡಿದವರ ಮೇಲೆ ಸುಳ್ಳು ಅಪವಾದ ಬರುತ್ತದೆ ಎಂಬುದು ನಂಬಿಕೆ. ಅದಕ್ಕೆ ಪರಿಹಾರ ಸ್ಯಮಂತಕ ಮಣಿಯ ಕಥೆ ಕೇಳುವುದು. ಕಥೆ ಕೇಳುವುದನ್ನೇ ಆಚರಣೆಯಾಗಿಸಿದ ಹಬ್ಬವಿದು. ಆದರೂ ಎಷ್ಟೋ ಮನೆಗಳಲ್ಲಿ ಕಡುಬು ಆರುತ್ತದೆಂದು ಯಾರೋ ವ್ರತಕಥೆಯ ಪುಸ್ತಕವನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ.

ತೀರಾ ಚಿಕ್ಕವರಿಗೆ ಮೊದಲರ್ಧ ಸಾಕು. ಹೊಟ್ಟೆ ಬಿರಿಯೆ ತಿಂದ ಗಣಪ, ಎಡವಿದ ಇಲಿ, ಸೊಂಟಕ್ಕೆ ಸುತ್ತಿಕೊಂಡ ಹಾವು, ಮೇಲಿಂದ ಕಿಸಕ್ಕನೆ ನಕ್ಕ ಚಂದ್ರ, ಅವನಿಗೆ ಸಿಕ್ಕ ಶಾಪ. ಬಿದ್ದವರನ್ನು ನೋಡಿ ನಗುವುದರ ರುಚಿ ಅವರಿಗೂ ಗೊತ್ತು, ಬೇರೆ ವಿವರಣೆ ಬೇಡ.

ಏಳೆಂಟು ವರ್ಷದವರಿಗೆ ಮಣಿಯ ಕಥೆಯನ್ನು ಪತ್ತೇದಾರಿಯಂತೆಯೇ ಹೇಳಬೇಕು. ಸೂರ್ಯ ಸತ್ರಾಜಿತನಿಗೆ ಕೊಟ್ಟ ಆ ಮಣಿ ದಿನಕ್ಕೆ 8 ಭಾರ ಚಿನ್ನ ಕೊಡುತ್ತಿತ್ತು. ರಾಜ ಉಗ್ರಸೇನನಿಗೆ ಅದನ್ನು ಕೊಡು ಎಂದು ಕೃಷ್ಣ ಕೇಳಿದ, ಸತ್ರಾಜಿತ ಒಲ್ಲೆನೆಂದ. ದೇವರಿಗೆ ಚ್ಯುತಿ ಬಂದೀತೆಂದು ಕಥೆ ಹೇಳುವ ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಕೃಷ್ಣ ಮಣಿ ಕೇಳಿದ್ದ ಎಂಬ ಕಾರಣಕ್ಕೇ ಮುಂದೆ ಮಣಿ ಕಾಣೆಯಾದಾಗ ಅವನೇ ಕದ್ದನೆಂಬ ಗುಲ್ಲನ್ನು ದ್ವಾರಕೆಯ ಜನ ನಂಬಿದ್ದು. ಪೆನ್ಸಿಲ್ ಕೇಳಿ ಇಲ್ಲವೆನ್ನಿಸಿಕೊಂಡವನ ಮೇಲೆಯೇ ಮರುದಿನ ಕಳ್ಳತನದ ಗುಮಾನಿ ಬರುವುದನ್ನು ಮಕ್ಕಳು ತರಗತಿಯಲ್ಲಿ ಕಂಡಿರುತ್ತಾರೆ.

ಮಿಕ್ಕದ್ದಕ್ಕೆ ನಮ್ಮ ಮನೆಯಲ್ಲಿ ರಂಗೋಲಿ ಹಿಟ್ಟು ಬೇಕು. ಸತ್ರಾಜಿತನ ತಮ್ಮ ಪ್ರಸೇನ ಮಣಿ ತೊಟ್ಟು ಬೇಟೆಗೆ ಹೋದಲ್ಲಿ ಕುದುರೆಯ ಗೊರಸು. ಅವನನ್ನು ಕೊಂದ ಸಿಂಹಕ್ಕೆ ಅಂಗೈ ಒತ್ತಿ ನಾಲ್ಕು ಬೆರಳ ತುದಿಯ ಗುರುತು. ಸಿಂಹವನ್ನು ಕೊಂದ ಕರಡಿರಾಜ ಜಾಂಬವಂತನಿಗೆ ಐದು ಬೆರಳು, ಮುಂದೆ ಉದ್ದುದ್ದ ಉಗುರು. ಕೊನೆಗೆ ಕೃಷ್ಣನಿಗೆ, ಹನ್ನೊಂದು ಹನ್ನೆರಡು ದಿನದ ಹಿಂದೆ ಕೃಷ್ಣಾಷ್ಟಮಿಗೆ ಮುಷ್ಟಿ ಒತ್ತಿ ಮೂಡಿಸಿದ್ದ ಅದೇ ಪುಟ್ಟ ಹೆಜ್ಜೆ. ಎಲ್ಲವೂ ಮಂಚದ ಕೆಳಗೆ ಹೋಗುತ್ತವೆ, ಅದೇ ಗುಹೆ. ಒಳಗೊಂದು ಕಲ್ಲುಸಕ್ಕರೆ ತುಂಡು, ಮಣಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಚೌತಿಯಂದು ದೊಡ್ಡವರು ಗಂಭೀರವಾಗಿ ಪಠಿಸುವ ಪರಿಹಾರದ ಶ್ಲೋಕ ವಿಷ್ಣು ಪುರಾಣದ ನಾಲ್ಕನೇ ಅಂಶದಲ್ಲಿದೆ. ಅದನ್ನು ಹೇಳುವವಳು ಯಾರು ಗೊತ್ತೇ? ಆ ಗುಹೆಯಲ್ಲಿ ಅಳುವ ಜಾಂಬವಂತನ ಮಗುವನ್ನು ಸಮಾಧಾನ ಮಾಡುತ್ತಿರುವ ದಾದಿ! ಸಿಂಹ ಪ್ರಸೇನನನ್ನು ಕೊಂದದ್ದು, ಜಾಂಬವಂತ ಸಿಂಹವನ್ನು ಕೊಂದದ್ದು ಹೇಳಿ, ಮಣಿ ನಿನ್ನದೇ, ಅಳಬೇಡ ಎನ್ನುತ್ತಾಳೆ. ಕೃಷ್ಣನ ನಿರಪರಾಧಿತ್ವಕ್ಕೆ ಸಾಕ್ಷಿ ನುಡಿದದ್ದು ಒಂದು ಜೋಗುಳ. ಹಾಗಾಗಿ ಆ ಸಾಲುಗಳನ್ನು ಮಗುವನ್ನು ತೊಡೆಯ ಮೇಲೆ ತೂಗುತ್ತಲೇ ಹೇಳಬೇಕೆಂಬುದು ನನ್ನ ಹಟ.

ಮಣಿಗಾಗಿ ಕೃಷ್ಣನಿಗೂ ಜಾಂಬವಂತನಿಗೂ ನಡೆದ ಕಾಳಗ ಭಾಗವತದಲ್ಲಿ 28 ದಿನ, ವಿಷ್ಣು ಪುರಾಣದಲ್ಲಿ 21. ಪುರಾಣಗಳೇ ಇಷ್ಟು ಸಲಿಗೆ ತೆಗೆದುಕೊಂಡಿರುವಾಗ ನಾವು ಒಂದೆರಡು ಕುಸ್ತಿ ಪಟ್ಟು ಹೆಚ್ಚು ಸೇರಿಸಿದರೆ ತಪ್ಪೇನಿಲ್ಲ. ಕೃಷ್ಣನ ಜೊತೆ ಬಂದು ಗುಹೆಯ ಬಾಯಲ್ಲಿ ಕಾದವರು ಮಾತ್ರ, ಭಾಗವತದ ಪ್ರಕಾರ, 12ನೇ ದಿನಕ್ಕೇ ಬೇಸತ್ತು ಊರಿಗೆ ಮರಳಿದರು. ಸೋತ ಜಾಂಬವಂತ ಮಗಳು ಜಾಂಬವತಿಯನ್ನೂ ಮಣಿಯನ್ನೂ ಒಪ್ಪಿಸಿದ. ಕೃಷ್ಣ ತುಂಬಿದ ಸಭೆಗೆ ಸತ್ರಾಜಿತನನ್ನು ಕರೆಸಿ, ನಡೆದದ್ದನ್ನೆಲ್ಲ ಹೇಳಿ ಮಣಿ ಕೊಟ್ಟ. ನಾಚಿದ ಸತ್ರಾಜಿತ ಮಗಳು ಸತ್ಯಭಾಮೆಯ ಜೊತೆಗೆ ಮಣಿಯನ್ನೂ ಕೊಡಬಂದಾಗ ಕೃಷ್ಣ ಮಣಿ ಬೇಡವೆಂದ.

ಒಂದು ವರ್ಷ ಇಷ್ಟು ಮುಗಿಸಿ ಎದ್ದೆ. ಆರು ವರ್ಷದವಳು ಏಳಲಿಲ್ಲ. "ಕರಡಿ ಪಾಪೂಗೆ ಆಟಕ್ಕೆ ಮತ್ತೇನು ಕೊಟ್ರು?" ನನ್ನ ಬಳಿ ಉತ್ತರವಿರಲಿಲ್ಲ. ಕಲ್ಲುಸಕ್ಕರೆಯನ್ನು ಕಡಿದು ಅರ್ಧ ಮಂಚದಡಿಗೆ ತಳ್ಳಿದಳು. ಬೆಳಿಗ್ಗೆ ನೋಡಿದರೆ ರಂಗೋಲಿ ಹೆಜ್ಜೆಗಳ ಮೇಲೆ ಇರುವೆ ಸಾಲು.