ರಸ್ತೆ ಬದಿ ಬಿದ್ದ ನಾಯಿ, ವಾಟ್ಸಾಪ್‌ನಲ್ಲಿ ಕೂಡಿದ ಊರು: ಒಂದು ಆಪರೇಷನ್ ಹಿಂದೆ ಏನೇನಿರುತ್ತೆ?

ಇವತ್ತಿನ ಮಾತು ನಾಯಿ ಬಗ್ಗೆ. ಅದೂ ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಬೀದಿ ನಾಯಿ ಬಗ್ಗೆ.

2024ರ ಜುಲೈನಲ್ಲಿ ಒಂದು ಸುದ್ದಿ ಬಂದಿತ್ತು, ನೆನಪಿದೆಯಾ? ನಿಪ್ಪಾಣಿ ತಾಲೂಕಿನ ಯಮಗರ್ಣಿ ಊರಿನ 'ಮಹಾರಾಜ' ಅನ್ನೋ ನಾಯಿ ವಾರಕರಿಗಳ ಹಿಂದೆ ನಡ್ಕೊಂಡು ಪಂಢರಪುರಕ್ಕೆ ಹೋಗಿತ್ತು. ಅಲ್ಲಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿತು. ಹುಡುಕಿದ್ರೂ ಸಿಗಲಿಲ್ಲ. ಆಮೇಲೆ ಒಂದಿನ, ಸುಮಾರು 250 ಕಿಲೋಮೀಟರ್ ದೂರದಿಂದ ತಾನೇ ಊರಿಗೆ ವಾಪಸ್ ಬಂದು ನಿಂತಿತ್ತು. ಊರವರು ಹಾರ ಹಾಕಿ, ಊಟ ಹಾಕಿಸಿ ಸಂಭ್ರಮ ಪಟ್ಟರು.

ಆ ಸುದ್ದಿ ಓದಿ ನಾನೂ ಖುಷಿ ಪಟ್ಟೆ. ಆದ್ರೆ ರಾತ್ರಿ ಒಂದು ಪ್ರಶ್ನೆ ಕಾಡಿತು. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಮಹಾರಾಜನಿಗೆ ಗಾಡಿ ಬಡಿದಿದ್ರೆ? ಗುರುತಿಲ್ಲದ ಊರು, ಹೆಸರು ಗೊತ್ತಿಲ್ಲದ ನಾಯಿ. ಯಾರು ಎತ್ತಿಕೊಳ್ತಿದ್ರು? ಆಸ್ಪತ್ರೆ ಬಿಲ್ ಯಾರು ಕಟ್ತಿದ್ರು? ಕಬ್ಬಿನ ಸೀಜನ್ ಶುರುವಾದ್ರೆ ನಮ್ಮ ರಸ್ತೆ ತುಂಬಾ ಡಬಲ್ ಟ್ರೇಲರ್ ಟ್ರ್ಯಾಕ್ಟರ್. ನಿಪ್ಪಾಣಿ ಕಡೆ ಪುಣೆ-ಬೆಂಗಳೂರು ಹೆದ್ದಾರಿ. ಗಾಯಗೊಂಡ ನಾಯಿ ನೋಡದೇ ಇರೋರು ನಮ್ಮಲ್ಲಿ ಕಡಿಮೆ. ನೋಡಿದ ಮೇಲೆ ಏನು ಮಾಡಬೇಕು ಅಂತ ಗೊತ್ತಿರೋರು ಇನ್ನೂ ಕಡಿಮೆ.

ನಾನೂ ಆ ಗೊತ್ತಿಲ್ಲದವರಲ್ಲಿ ಒಬ್ಬ. ಕಾಲೇಜಿನ ದಿನಗಳಲ್ಲಿ ನಮ್ಮ ಓಣಿಯ ನಾಯಿಗೆ ಬೈಕ್ ಬಡಿದಾಗ, ನೋವು ಕಡಿಮೆ ಆಗಲಿ ಅಂತ ಮನೆಯಲ್ಲಿದ್ದ ಜ್ವರದ ಗುಳಿಗೆಯನ್ನ ಹಾಲಿಗೆ ಹಾಕಿ ಕುಡಿಸಿದ್ದೆ. ಒಳ್ಳೇದು ಮಾಡ್ದೆ ಅಂತಾನೇ ತಿಳ್ಕೊಂಡಿದ್ದೆ. ನಾಯಿ ಉಳೀಲಿಲ್ಲ. ಗಾಯದಿಂದ ಹೋಯಿತೋ ಗುಳಿಗೆಯಿಂದಲೋ, ಈಗ ಹೇಳೋಕಾಗಲ್ಲ. ಆದ್ರೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ಮನುಷ್ಯರ ನೋವಿನ ಮಾತ್ರೆಗಳು ನಾಯಿಯ ಲಿವರ್, ಕಿಡ್ನಿ, ಹೊಟ್ಟೆಗೆ ದೊಡ್ಡ ಅಪಾಯ ಮಾಡಬಲ್ಲವು ಅನ್ನೋದು ನನಗೆ ಆಮೇಲೆ ಗೊತ್ತಾಯ್ತು. ಈ ಸಂಚಿಕೆ ಮಾಡೋಕೆ ಅದೂ ಒಂದು ಕಾರಣ.

ಮೊದಲ ಹತ್ತು ನಿಮಿಷ

ಮೊದಲು ನಿಮ್ಮ ಸುರಕ್ಷತೆ. ಹಿಂದಿನಿಂದ ಗಾಡಿ ಬರದ ಹಾಗೆ ಒಬ್ಬರು ನಿಂತು ಕೈ ಮಾಡಿ. ಎಷ್ಟೇ ಸಾಧು ನಾಯಿ ಆದ್ರೂ ನೋವಲ್ಲಿ ಕಚ್ಚುತ್ತೆ. ಅದು ಸಿಟ್ಟಲ್ಲ, ಹೆದರಿಕೆ. ಉಸಿರಾಟ ಸರಿ ಇದ್ದು, ವಾಂತಿ ಇಲ್ಲದಿದ್ರೆ ಮಾತ್ರ ಬಾಯಿಗೆ ದುಪಟ್ಟಾ ಅಥವಾ ಟವೆಲ್ ಸುತ್ತಿ ಸಡಿಲವಾಗಿ ಕಟ್ಟಬಹುದು. ರಕ್ತ ಹರೀತಿದ್ರೆ ಸ್ವಚ್ಛ ಬಟ್ಟೆ ಇಟ್ಟು ಒತ್ತಿ ಹಿಡೀರಿ. ಕಾಲು ಹಿಡಿದು ಎತ್ತಬೇಡಿ. ಬೆನ್ನುಮೂಳೆಗೆ ಪೆಟ್ಟಾಗಿದ್ರೆ ಅದೇ ಎತ್ತೋದ್ರಿಂದ ಪರಿಸ್ಥಿತಿ ಇನ್ನೂ ಹದಗೆಡುತ್ತೆ. ಹಲಗೆ ಅಥವಾ ಗಟ್ಟಿ ಚಾದರದ ಮೇಲೆ ಮೆಲ್ಲಗೆ ಸರಿಸಿ, ಇಬ್ಬರು ಸೇರಿ ಎತ್ತಿ. ನೀರು, ಹಾಲು, ಬಿಸ್ಕಿಟ್ ಏನೂ ಬೇಡ. ಅರಿವಳಿಕೆ ಕೊಡಬೇಕಾಗಿ ಬಂದ್ರೆ ಹೊಟ್ಟೆ ತುಂಬಿರೋದು ತೊಂದರೆ.

ಕಚ್ಚಿದ್ರೆ ಅಥವಾ ಪರಚಿದ್ರೆ ಆ ಜಾಗವನ್ನ ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ. 'ನಮ್ಮ ಓಣಿ ನಾಯಿ, ಏನಾಗಲ್ಲ' ಅನ್ನಬೇಡಿ. ರೇಬೀಸ್ ಲಕ್ಷಣ ಒಮ್ಮೆ ಶುರುವಾದ ಮೇಲೆ ಉಳಿಯೋರು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ.

ಎಲ್ಲಿಗೆ ಒಯ್ಯೋದು?

ಪಶು ಚಿಕಿತ್ಸೆಯ ಸಹಾಯವಾಣಿ 1962, ಫೋನಲ್ಲಿ ಸೇವ್ ಮಾಡ್ಕೊಳ್ಳಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಸಿಗುತ್ತೆ. ಆದ್ರೆ ಮೂಳೆ ಆಪರೇಷನ್‌ಗೆ ಎಕ್ಸ್‌ರೇ, ಅರಿವಳಿಕೆ ವ್ಯವಸ್ಥೆ, ಕೈ ಪಳಗಿದ ಸರ್ಜನ್ ಬೇಕು. ಅದು ಎಲ್ಲಾ ಕಡೆ ಇರಲ್ಲ. ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಕಾಗವಾಡದವರಿಗೆ ಮೀರಜ್ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ, ಚಿಕ್ಕೋಡಿಯವರು ಬೆಳಗಾವಿ ಕಡೆಗೂ ಹೋಗಬಹುದು. ನಾಯಿಗೆ ಗಡಿ ಗೊತ್ತಿಲ್ಲ, ನಾವೂ ಮರೆಯೋಣ. ಹೊರಡೋ ಮುಂಚೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಈಗ ಇದ್ದೀರೇನ್ರಿ? ನಾಯಿ ಕಾಲು ಮುರಿದಿದ್ದು ಆಪರೇಷನ್ ನಿಮ್ಮಲ್ಲಿ ಆಗ್ತದೇನ್ರಿ?" ಇಷ್ಟು ಕೇಳಿದ್ರೆ ಒಂದು ಸುತ್ತು ಅಲೆದಾಟ ಉಳಿಯುತ್ತೆ.

'ಇನ್ನೂ ಆಪರೇಷನ್ ಆಗಿಲ್ವಾ?'

ದುಡ್ಡು ಹಾಕಿದವರು ಗ್ರೂಪಲ್ಲಿ ಮೊದಲು ಕೇಳೋದೇ ಇದು. ಉತ್ತರ ಸರಳ. ಡಿಕ್ಕಿಯಾದ ನಾಯಿಯ ಮುರಿದ ಕಾಲು ಕಣ್ಣಿಗೆ ಕಾಣುತ್ತೆ, ಜೀವ ತೆಗೆಯೋದು ಕಾಣದೇ ಇರೋದು. ಶಾಕ್, ಒಳಗಿನ ರಕ್ತಸ್ರಾವ, ಶ್ವಾಸಕೋಶದ ಪೆಟ್ಟು, ಒಡೆದ ಮೂತ್ರಕೋಶ. ಒಸಡು ಬಿಳಿಚಿಕೊಂಡಿದ್ರೆ ಅದು ಕೆಟ್ಟ ಸೂಚನೆ. ಹಾಗಾಗಿ ಡಾಕ್ಟರ್ ಮೊದಲು ಸಲಾಯಿನ್, ಆಕ್ಸಿಜನ್, ನೋವಿನ ಇಂಜೆಕ್ಷನ್ ಕೊಟ್ಟು ಸ್ಥಿತಿಯನ್ನ ಹದಕ್ಕೆ ತರ್ತಾರೆ. ಮೂಳೆ ಕೆಲಸಕ್ಕೆ ಒಂದೆರಡು ದಿನ ಕಾಯೋದು ನಿರ್ಲಕ್ಷ್ಯವಲ್ಲ. ಒಳಗೆ ರಕ್ತ ಸೋರ್ತಾ ಇದ್ರೆ ಮಾತ್ರ ತಡ ಮಾಡದೆ ಹೊಟ್ಟೆ ತೆರೆಯಬೇಕಾಗಬಹುದು.

ಮುರಿದ ಮೂಳೆಗೂ ಹಲವು ದಾರಿ ಇದೆ. ಸಣ್ಣ ಬಿರುಕಿಗೆ ಪಟ್ಟಿ ಸಾಕು. ತುಂಡಾದ್ರೆ ಮೂಳೆ ಒಳಗೆ ರಾಡ್, ಇಲ್ಲವೇ ಪ್ಲೇಟು-ಸ್ಕ್ರೂ. ಸೊಂಟದ ಮೂಳೆ ಮುರಿದ ಎಷ್ಟೋ ನಾಯಿಗಳು ಆಪರೇಷನ್ ಇಲ್ಲದೇ, ಚಿಕ್ಕ ಜಾಗದಲ್ಲಿ ವಿಶ್ರಾಂತಿ ಪಡೆದೇ ನಡೆದಾಡ್ತವೆ. ಕಾಲು ಪೂರ್ತಿ ನಜ್ಜುಗುಜ್ಜಾಗಿದ್ರೆ ತೆಗೆಯಬೇಕು. 'ಅಯ್ಯೋ, ಮೂರು ಕಾಲಿಂದ ಹೆಂಗ ಬದುಕ್ತೈತಿ' ಅಂತಾರೆ ಜನ. ಬಹುತೇಕ ನಾಯಿಗಳು ಮೂರು ಕಾಲಲ್ಲಿ ಚೆನ್ನಾಗೇ ಓಡ್ತವೆ.

ರಕ್ತವೂ ಬೇಕಾಗಬಹುದು. ನಾಯಿಗೆ ನಾಯಿಯದೇ ರಕ್ತ. 2024ರ ಜೂನ್‌ನಲ್ಲಿ ರತನ್ ಟಾಟಾ ಅವರು ಮುಂಬೈನ ತಮ್ಮ ಪ್ರಾಣಿ ಆಸ್ಪತ್ರೆಯಲ್ಲಿದ್ದ ಏಳು ತಿಂಗಳ ನಾಯಿಗೆ ರಕ್ತದಾನಿ ಬೇಕು ಅಂತ ಇನ್‌ಸ್ಟಾಗ್ರಾಮ್‌ನಲ್ಲಿ ಕೇಳಿದ್ರು, ದಾನಿಗಳು ಸಿಕ್ಕರು ಕೂಡ. ದಾನಿ ನಾಯಿ ಆರೋಗ್ಯವಾಗಿರಬೇಕು, ಲಸಿಕೆ ಆಗಿರಬೇಕು, ಸಾಮಾನ್ಯವಾಗಿ 25 ಕಿಲೋ ಅಥವಾ ಹೆಚ್ಚು ತೂಕ ಇರಬೇಕು. ನಿಮ್ಮ ಮನೆಯ ದೊಡ್ಡ ನಾಯಿಯೂ ಒಂದು ಜೀವ ಉಳಿಸಬಹುದು.

ದುಡ್ಡಿನ ಮಾತು

ಲೆಕ್ಕಕ್ಕೆ ಅಂತ ಬಿಲ್ 20,000 ರೂಪಾಯಿ ಅಂದ್ಕೊಳ್ಳಿ. ಒಬ್ಬರಿಗೆ ಅದು ಭಾರ. 200 ಜನ ತಲಾ 100 ರೂಪಾಯಿ ಹಾಕಿದ್ರೆ ಮುಗೀತು. ಆದ್ರೆ ಆ 100 ರೂಪಾಯಿ ಹಿಂದೆ ನಂಬಿಕೆ ಇದೆ. ಅದು ಒಮ್ಮೆ ಮುರಿದ್ರೆ ಮುಂದಿನ ನಾಯಿಗೆ ಯಾರೂ ಕೊಡಲ್ಲ.

ಅದಕ್ಕೇ ಕೆಲವು ಕಟ್ಟಳೆ ಹಾಕ್ಕೊಳ್ಳಿ. ಆದಷ್ಟು ಆಸ್ಪತ್ರೆಯ ಕ್ಯೂಆರ್ ಕೋಡ್‌ಗೇ ನೇರ ಹಣ ಹಾಕಿಸಿ. ಆಗದಿದ್ರೆ ಒಂದೇ ಖಾತೆ, ಲೆಕ್ಕ ನೋಡೋಕೆ ಇಬ್ಬರು. ಡಾಕ್ಟರ್ ಬರೆದುಕೊಟ್ಟ ಅಂದಾಜು, ಆಮೇಲೆ ಪ್ರತಿ ಬಿಲ್ಲಿನ ಫೋಟೋ ಗ್ರೂಪಲ್ಲಿ ಹಾಕಿ. ಬೇಕಾದಷ್ಟು ಬಂದ ತಕ್ಷಣ 'ಸಾಕು, ನಿಲ್ಲಿಸಿ' ಅಂತ ಬರೆಯಿರಿ. ಉಳಿದ ಹಣ ಏನಾಗುತ್ತೆ ಅಂತ ಮೊದಲೇ ಹೇಳಿ. ಮೆಸೇಜ್ ಕನ್ನಡದಲ್ಲೂ ಮರಾಠಿಯಲ್ಲೂ ಇರಲಿ, ನಮ್ಮ ಕಡೆ ಎರಡೂ ಓದೋ ಮಂದಿ ಇದ್ದಾರೆ. ರಕ್ತಸಿಕ್ತ ಫೋಟೋ ಹಾಕಿ ಅಳಿಸಬೇಡಿ, ಒಂದು ಸರಿಯಾದ ಫೋಟೋ ಸಾಕು.

ನಾಯಿ ಉಳಿಯದಿದ್ರೆ ಅದನ್ನೂ ಬರೆಯಿರಿ. ನೋವಿಂದ ಬಿಡುಗಡೆ ಕೊಡೋದೇ ದಯೆ ಅಂತ ಡಾಕ್ಟರ್ ಹೇಳೋ ಸಂದರ್ಭವೂ ಬರುತ್ತೆ. ಆಗ ಸುಮ್ಮನಾಗಿ ಗ್ರೂಪ್ ಬಿಟ್ಟು ಹೋಗೋದು ದಾನಿಗಳಿಗೆ ಮಾಡೋ ಮೋಸ.

ಆಪರೇಷನ್ ಆದ ಮೇಲಿನ ಎಂಟು ವಾರ

ಇಲ್ಲಿ ಬಹಳ ಜನ ಸೋಲ್ತಾರೆ. ದುಡ್ಡು ಒಂದೇ ದಿನದಲ್ಲಿ ಕೂಡುತ್ತೆ, ಆರೈಕೆಗೆ ಆಳು ಸಿಗಲ್ಲ. ಬೆಳೆದ ನಾಯಿಯ ಮೂಳೆ ಕೂಡೋಕೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಮರಿಗಳಿಗೆ ಇನ್ನೂ ಕಡಿಮೆ. ಅಷ್ಟು ದಿನ ಓಡಬಾರದು, ಜಿಗಿಯಬಾರದು. ಹೊಲಿಗೆ ನೆಕ್ಕದ ಹಾಗೆ ಕುತ್ತಿಗೆಗೆ ಕಾಲರ್ ಹಾಕಬೇಕು. ಗುಳಿಗೆ, ಡ್ರೆಸ್ಸಿಂಗ್, ಮತ್ತೊಂದು ಎಕ್ಸ್‌ರೇ ಇರುತ್ತೆ. ಬೀದಿಯಲ್ಲಿ ಇದ್ಯಾವುದೂ ಆಗಲ್ಲ. ಹಾಗಾಗಿ ದುಡ್ಡು ಕೇಳೋ ಮೊದಲೇ ಒಂದು ಖಾಲಿ ಶೆಡ್ ಅಥವಾ ಹಿತ್ತಲು ಹುಡುಕಿ, ಬೆಳಿಗ್ಗೆ-ಸಂಜೆ ಪಾಳಿ ಹಾಕ್ಕೊಳ್ಳಿ. 100 ರೂಪಾಯಿ ಕೊಡೋಕಾಗದ ಹುಡುಗ ವಾರಕ್ಕೆ ಎರಡು ಸಂಜೆ ಕೊಡಬಹುದು. ಅದಕ್ಕೂ ಅಷ್ಟೇ ಬೆಲೆ.

ಗುಣವಾದ ಮೇಲೆ ರೇಬೀಸ್ ಲಸಿಕೆ, ಸಂತಾನಹರಣ ಎರಡೂ ಮಾಡಿಸಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿ ನಾಯಿಗಳ ಸಂತಾನಹರಣ ಸ್ಥಳೀಯ ಸಂಸ್ಥೆಯ ಹೊಣೆ. ಹಾಗಾಗಿ ಪುರಸಭೆ, ನಗರಸಭೆ, ಪಂಚಾಯಿತಿಗೆ ಅರ್ಜಿ ಕೊಡಿ. ಬೇಕಂತಲೇ ನಾಯಿಯನ್ನ ಕೊಂದ್ರೆ, ಕೈಕಾಲು ಮುರಿದ್ರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಅಡಿ ಐದು ವರ್ಷದವರೆಗೆ ಜೈಲು ಆಗಬಹುದು ಅನ್ನೋದೂ ಗೊತ್ತಿರಲಿ. ನಾಯಿಗೆ ಹೆದರೋ ಮಕ್ಕಳು, ಹಿರಿಯರು ನಿಮ್ಮ ಓಣಿಯಲ್ಲಿ ಇರ್ತಾರೆ. ಅವರ ಜೊತೆ ಜಗಳ ಬೇಡ. ಲಸಿಕೆ ಆದ, ಸಂತಾನಹರಣ ಆದ ನಾಯಿ ಅವರಿಗೂ ನೆಮ್ಮದಿ.

ಮಹಾರಾಜ ವಾಪಸ್ ಬಂದಾಗ ಯಮಗರ್ಣಿ ಊಟ ಹಾಕಿಸಿತು. ದಾರಿಯಲ್ಲಿ ಬಿದ್ದ ನಾಯಿಗೂ ಒಂದು ಊರು ಬೇಕು. ಅದು ಎಂಟು ವಾರದ ಮಟ್ಟಿಗೆ ನಿಮ್ಮ ಓಣಿಯೇ ಆಗಬಹುದು. ಈಗ ಒಂದು ಕೆಲಸ ಮಾಡಿ: 1962 ಮತ್ತು ಹತ್ತಿರದ ಪಶು ಡಾಕ್ಟರ್ ನಂಬರ್ ಸೇವ್ ಮಾಡಿ, ನಿಮ್ಮ ಗ್ರೂಪಿಗೂ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.