ವೆಲ್ಡಿಂಗ್ ರಾಡಿಗೆ ಸರ್ಕಾರ, ನೀಲಿ ಜಾಕೆಟ್ಟಿಗೆ ಊರು

ಅಮೆರಿಕದ ಹಳ್ಳಿಗಾಡಿನ ಹೈಸ್ಕೂಲುಗಳಲ್ಲಿ ಕೃಷಿ ಓದುವ ಮಕ್ಕಳನ್ನು ದೂರದಿಂದಲೇ ಗುರುತಿಸಬಹುದು. ಮೈಮೇಲೆ ನೀಲಿ ಕಾರ್ಡುರಾಯ್ ಜಾಕೆಟ್. ಬೆನ್ನ ಮೇಲೆ ರಾಜ್ಯದ ಹೆಸರು, ಅದರಡಿ ದೊಡ್ಡ ಲಾಂಛನ, ಅದರ ಕೆಳಗೆ ಊರಿನ ಶಾಖೆಯ ಹೆಸರು. ಎದೆಯ ಮೇಲೆ ಹಳದಿ ದಾರದಲ್ಲಿ ಕಸೂತಿ ಹಾಕಿದ ಸ್ವಂತ ಹೆಸರು. ಓಹಿಯೋ ರಾಜ್ಯದ ಫ್ರೆಡರಿಕ್‌ಟೌನ್ ಎಂಬ ಪುಟ್ಟ ಊರಿನ ಮಕ್ಕಳು 1933ರಲ್ಲಿ ತಮ್ಮ ಸಂಸ್ಥೆಯ ರಾಷ್ಟ್ರೀಯ ಸಮ್ಮೇಳನಕ್ಕೆ ಇಂಥ ಜಾಕೆಟ್ ತೊಟ್ಟು ಬಂದರು. ಕಂಡವರಿಗೆಲ್ಲ ಹಿಡಿಸಿತು, ಅದೇ ಸಮವಸ್ತ್ರವಾಯಿತು.

ಸಂಸ್ಥೆಯ ಹೆಸರು ಎಫ್‌ಎಫ್‌ಎ. 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ 18 ರಾಜ್ಯಗಳಿಂದ ಬಂದ 33 ಪ್ರತಿನಿಧಿಗಳು ಸೇರಿ ಕಟ್ಟಿದ ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’ ಇಂದು ಹತ್ತು ಲಕ್ಷ ಸದಸ್ಯರನ್ನು ದಾಟಿದೆ. ವೃತ್ತಿಶಿಕ್ಷಣ ಪಡೆಯುವ ಮಕ್ಕಳಿಗಾಗಿ ಅಲ್ಲಿ ಇಂಥ ಇನ್ನೂ ಹಲವು ಸಂಘಟನೆಗಳಿವೆ. ವೆಲ್ಡಿಂಗ್, ಮೋಟಾರು ರಿಪೇರಿ, ಮರಗೆಲಸ ಕಲಿಯುವವರಿಗೆ ಸ್ಕಿಲ್ಸ್‌ಯುಎಸ್‌ಎ, ಆಸ್ಪತ್ರೆಯ ಕೆಲಸಗಳಿಗೆ ತಯಾರಾಗುವವರಿಗೆ ಹೋಸಾ, ವ್ಯಾಪಾರ ಓದುವವರಿಗೆ ಡೆಕಾ ಮತ್ತು ಎಫ್‌ಬಿಎಲ್‌ಎ.

ಇವನ್ನು ಸಂಜೆಯ ಹವ್ಯಾಸದ ಕೂಟಗಳೆಂದು ತಿಳಿಯಬಾರದು. ಡೆಕಾ ಸ್ಪರ್ಧೆಯ ಹುಡುಗಿಯ ಕೈಗೆ ಅಂಗಡಿಯ ಒಂದು ಸಮಸ್ಯೆ ಬರೆದ ಹಾಳೆ ಕೊಡುತ್ತಾರೆ. ಹತ್ತು ನಿಮಿಷ ಯೋಚಿಸಿ, ಮುಂದಿನ ಹತ್ತು ನಿಮಿಷ ತೀರ್ಪುಗಾರರನ್ನೇ ಮಾಲೀಕರೆಂದು ಭಾವಿಸಿ ಪರಿಹಾರ ಒಪ್ಪಿಸಬೇಕು. ಸ್ಕಿಲ್ಸ್‌ಯುಎಸ್‌ಎ ಅಂತಿಮ ಸುತ್ತು ಈಚಿನ ವರ್ಷಗಳಲ್ಲಿ ಅಟ್ಲಾಂಟಾದಲ್ಲಿ ನಡೆಯುತ್ತಿದೆ. ಬೆಸುಗೆಯಿಂದ ಕೇಶಾಲಂಕಾರದವರೆಗೆ ನೂರಕ್ಕೂ ಹೆಚ್ಚು ಸ್ಪರ್ಧೆಗಳಿದ್ದು, ಆ ಕಸುಬಿನಲ್ಲೇ ದುಡಿಯುವವರು ಬಂದು ಅಂಕ ಕೊಡುತ್ತಾರೆ. ಭಾರತದಿಂದ ರಾಷ್ಟ್ರೀಯ ಕೌಶಲಾಭಿವೃದ್ಧಿ ನಿಗಮ (ಎನ್‌ಎಸ್‌ಡಿಸಿ) ಸಜ್ಜುಗೊಳಿಸಿದ ತಂಡ ಹೋಗುವ ವರ್ಲ್ಡ್‌ಸ್ಕಿಲ್ಸ್ ಎಂಬ ಜಾಗತಿಕ ಕೌಶಲ ಸ್ಪರ್ಧೆಯ ಕಣಕ್ಕೆ ಅಮೆರಿಕದ ತಂಡವನ್ನು ಕಳಿಸುವುದು ಇದೇ ಸ್ಕಿಲ್ಸ್‌ಯುಎಸ್‌ಎ.

ಎಫ್‌ಎಫ್‌ಎ ಸಭೆ ನೋಡಬೇಕು. ಪ್ರತಿ ಪದಾಧಿಕಾರಿಗೂ ಒಂದು ಸಂಕೇತದ ಪಕ್ಕದಲ್ಲಿ ಸ್ಥಾನ. ಅಧ್ಯಕ್ಷರು ಉದಯಸೂರ್ಯನ ಬಳಿ, ಉಪಾಧ್ಯಕ್ಷರು ನೇಗಿಲಿನ ಬಳಿ, ಕಾರ್ಯದರ್ಶಿ ಮೆಕ್ಕೆಜೋಳದ ತೆನೆಯ ಬಳಿ, ಮೇಷ್ಟರು ಗೂಬೆಯ ಬಳಿ. ಸಭಾ ನಡಾವಳಿಗೇ ಪ್ರತ್ಯೇಕ ಸ್ಪರ್ಧೆಯುಂಟು. ಠರಾವು ಮಂಡಿಸುವುದು, ತಿದ್ದುಪಡಿ ತರುವುದು, ಸೋತ ಮೇಲೂ ಬಹುಮತಕ್ಕೆ ತಲೆಬಾಗುವುದು ಎಲ್ಲವನ್ನೂ ಹದಿನೈದು ಹದಿನಾರರ ಮಕ್ಕಳು ಅಲ್ಲಿ ಕಲಿಯುತ್ತಾರೆ. ಗುಂಡಿ ತೋಡಿ ಮಣ್ಣಿನ ಪದರ ಓದುವ ಸ್ಪರ್ಧೆಯಷ್ಟೇ ಇದೂ ಮುಖ್ಯ. ಪುಸ್ತಕದ ಪಾಠ ಕೈಗೂ ನಾಲಿಗೆಗೂ ಇಳಿಯುವುದು ಇಲ್ಲೇ.

ಹಾಗಾದರೆ ಖರ್ಚು ಯಾರದು?

ಸರ್ಕಾರದ ನೆರವಿನ ಬೇರು 1917ರ ಸ್ಮಿತ್-ಹ್ಯೂಸ್ ಕಾಯ್ದೆಯಲ್ಲಿದೆ. ಕೃಷಿ, ಗೃಹವಿಜ್ಞಾನ, ಕೈಗಾರಿಕಾ ಕಸುಬು ಕಲಿಸುವ ಶಿಕ್ಷಕರ ಸಂಬಳಕ್ಕೆ ಕೇಂದ್ರದ ಹಣ ಬಂದದ್ದು ಆಗ. ಆ ಕೃಷಿ ಮೇಷ್ಟರುಗಳೇ ಎಫ್‌ಎಫ್‌ಎ ಕಟ್ಟಿದವರು. 1950ರಲ್ಲಿ ಸಂಸತ್ತು ಅದಕ್ಕೆ ಸನ್ನದು ಕೊಟ್ಟಿತು. ಈಗ ನಡೆಯುತ್ತಿರುವುದು ಕೆಂಟಕಿಯ ಸಂಸದ ಕಾರ್ಲ್ ಪರ್ಕಿನ್ಸ್ ಹೆಸರಿನಲ್ಲಿ 1984ರಲ್ಲಿ ಬಂದು, 2018ರಲ್ಲಿ ಐದನೆಯ ರೂಪ ಪಡೆದ ಕಾಯ್ದೆ. ಈಚಿನ ವರ್ಷಗಳಲ್ಲಿ ಅದರಡಿ ರಾಜ್ಯಗಳಿಗೆ ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ಸಿಗುತ್ತಿದೆ. ನೂರರಲ್ಲಿ 85 ಪಾಲು ಸ್ಥಳೀಯ ಶಾಲೆ, ಕಾಲೇಜುಗಳಿಗೆ ಹೋಗಬೇಕು. ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಘಟಕಗಳಾದ ಶಾಲಾ ಜಿಲ್ಲೆಗಳಿಗೆ ಹಂಚುವಾಗ ಶೇ 70ರಷ್ಟನ್ನು ಬಡ ಕುಟುಂಬಗಳ ಮಕ್ಕಳ ಲೆಕ್ಕದಲ್ಲಿ, ಉಳಿದದ್ದನ್ನು ಒಟ್ಟು ಮಕ್ಕಳ ಲೆಕ್ಕದಲ್ಲಿ ಹಂಚುತ್ತಾರೆ. ಪಠ್ಯಕ್ಕೆ ಹೊಂದುವ ಕೌಶಲ ಸ್ಪರ್ಧೆಗಳಿಗೆ ಮಕ್ಕಳನ್ನು ತಯಾರು ಮಾಡಲು, ಅವರು ಪಾಲ್ಗೊಳ್ಳಲು ಈ ಹಣ ಬಳಸಬಹುದೆಂದು ಕಾಯ್ದೆ ನೇರವಾಗಿ ಹೇಳುತ್ತದೆ. ಒಂದು ಷರತ್ತಿದೆ: ರಾಜ್ಯವೋ ಊರೋ ಈಗಾಗಲೇ ಕೊಡುತ್ತಿರುವುದನ್ನು ನಿಲ್ಲಿಸಿ ಆ ಜಾಗಕ್ಕೆ ಇದನ್ನು ತುಂಬುವಂತಿಲ್ಲ.

ಯಾವುದಕ್ಕೆ ಸಲ್ಲದು ಎಂಬ ಪಟ್ಟಿಯೂ ಇದೆ. ಪರ್ಕಿನ್ಸ್ ಕಾಯ್ದೆಯ 1990ರ ರೂಪಕ್ಕೆ ಮಾಡಿದ ನಿಯಮಗಳು ಸದಸ್ಯತ್ವ ಶುಲ್ಕ, ಬಹುಮಾನ, ಸಮಾವೇಶದ ಊಟ, ವಸತಿ, ಪ್ರಯಾಣ ಎಲ್ಲವನ್ನೂ ಹೊರಗಿಟ್ಟಿದ್ದವು. ವಿದ್ಯಾರ್ಥಿಯ ಸ್ವಂತಕ್ಕೆ ಉಳಿಯುವ ಜಾಕೆಟ್ಟಿನ ಹೆಸರನ್ನೂ ಅಲ್ಲಿ ಬರೆದಿದ್ದರು. ಹಲವು ರಾಜ್ಯಗಳ ಕೈಪಿಡಿಗಳು ಇಂದಿಗೂ ಅದೇ ಜಾಡಿನಲ್ಲಿವೆ. ವೆಲ್ಡಿಂಗ್ ರಾಡು ಕಲಿಕೆಯ ಸಾಮಗ್ರಿ, ಅದಕ್ಕೆ ಸರ್ಕಾರದ ದುಡ್ಡು ಸರಿ. ಜಾಕೆಟ್ಟು ಮನೆಗೆ ಹೋಗುವ ವಸ್ತು, ಅದಕ್ಕೆ ಊರೇ ಕೈಹಾಕಬೇಕು. ಹಾಗಾಗಿ ಚಳಿಗಾಲದಲ್ಲಿ ಮಕ್ಕಳು ಮನೆಮನೆಗೆ ಕಿತ್ತಳೆ ಮಾರುತ್ತಾರೆ, ವಸಂತದಲ್ಲಿ ಶಾಲೆಯ ಹಸಿರುಮನೆಯಲ್ಲಿ ಬೆಳೆಸಿದ ಸಸಿ ಮಾರುತ್ತಾರೆ.

ಸಾರ್ವಜನಿಕರ ಹಣಕ್ಕೆ ಬೇಲಿ ಬೇಕು, ನಿಜ. ಆದರೆ ಬಸ್ಸಿನ ಬಾಡಿಗೆ, ಹೋಟೆಲಿನ ಕೋಣೆ ಬೇಲಿಯಾಚೆ ಉಳಿದರೆ ಅಂತಿಮ ಸುತ್ತಿಗೆ ಹೋಗುವವರು ಕೈಯಲ್ಲಿ ಕಾಸಿರುವವರ ಮಕ್ಕಳು ಮಾತ್ರ. ರಾಜ್ಯದಲ್ಲಿ ಮೊದಲು ಬಂದ ಬಡ ಹುಡುಗನ ಕೌಶಲ ಅಲ್ಲಿಗೇ ನಿಲ್ಲಬಾರದಲ್ಲ!

ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬ ಪ್ರಶ್ನೆ ಈ ಸಂಘಟನೆಗಳಿಗೆ ಹೊಸದಲ್ಲ. ದಕ್ಷಿಣದ ರಾಜ್ಯಗಳಲ್ಲಿ ಸರ್ಕಾರದ ಶಾಲೆಗಳೇ ಬಣ್ಣದ ಲೆಕ್ಕದಲ್ಲಿ ಬೇರೆಬೇರೆಯಾಗಿದ್ದ ಕಾಲದಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ ಎಫ್‌ಎಫ್‌ಎ ಬಾಗಿಲು ಮುಚ್ಚಿತ್ತು. ಅವರು 1935ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ‘ನ್ಯೂ ಫಾರ್ಮರ್ಸ್ ಆಫ್ ಅಮೆರಿಕ’ ಎಂಬ ತಮ್ಮದೇ ರಾಷ್ಟ್ರೀಯ ಸಂಘ ಕಟ್ಟಿದರು. ಅವರ ಜಾಕೆಟ್ಟು ಕಪ್ಪು, ಮೇಲೆ ಚಿನ್ನದ ಬಣ್ಣದ ಅಕ್ಷರ. 1965ರಲ್ಲಿ ಎರಡೂ ಒಂದಾದಾಗ 50 ಸಾವಿರಕ್ಕೂ ಹೆಚ್ಚು ಸದಸ್ಯರು ಇತ್ತ ಬಂದರು. ಕಪ್ಪು ಜಾಕೆಟ್ಟು ಮಾತ್ರ ಬರಲಿಲ್ಲ. ಅವರ ಹೆಸರು, ಲಾಂಛನ ಎಲ್ಲವೂ ಕಳೆದುಹೋದವು. ವಿಲೀನ ಎಂದು ಕರೆದರೂ ಕಳೆದುಕೊಂಡವರು ಒಂದೇ ಕಡೆಯವರು. ಹುಡುಗಿಯರಿಗೆ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ.

ಈ ಹಿನ್ನೆಲೆಯಲ್ಲಿ 2018ರ ಕಾಯ್ದೆಯ ಒಂದೆರಡು ಸಾಲುಗಳು ದೊಡ್ಡವು. ಅಂಗವಿಕಲರು, ಬಡವರು, ಒಂಟಿ ಪೋಷಕರು, ಮನೆಯಿಲ್ಲದವರು, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರು ವೃತ್ತಿಶಿಕ್ಷಣಕ್ಕೆ ಕೈಯಿಂದ ಹಾಕಬೇಕಾದ ಖರ್ಚನ್ನು ತಗ್ಗಿಸಲು, ಶುಲ್ಕ, ಪ್ರಯಾಣ, ಮಗುವಿನ ಪಾಲನೆಯ ವೆಚ್ಚ ಕೊಡಲು ಅದು ಅವಕಾಶ ಕೊಟ್ಟಿದೆ. ಒಂದು ಕಸುಬಿನಲ್ಲಿ ಗಂಡಸರೋ ಹೆಂಗಸರೋ ಕಾಲು ಪಾಲಿಗಿಂತ ಕಡಿಮೆಯಿದ್ದರೆ, ಅದನ್ನು ಕಲಿಯಲು ಬಂದ ಅಂಥವರೂ ಈ ಪಟ್ಟಿಗೆ ಸೇರುತ್ತಾರೆ. ಬೆಸುಗೆ ಕಲಿಯುವ ಹುಡುಗಿ ಅವರಲ್ಲೊಬ್ಬಳು.

ಅವಕಾಶ ಕಾಗದದ ಮೇಲಿದೆ, ನಿರ್ಧಾರ ಊರಿನದು. ಹೈಸ್ಕೂಲು ಮಟ್ಟದಲ್ಲಿ 15 ಸಾವಿರ ಡಾಲರಿಗಿಂತ ಕಡಿಮೆ ಪಾಲು ಬರುವ ಸಣ್ಣ ಶಾಲಾ ಜಿಲ್ಲೆಗಳು ಸಾಮಾನ್ಯವಾಗಿ ನೆರೆಯವರ ಜೊತೆ ಕೂಡಿಯೇ ಅರ್ಜಿ ಹಾಕಬೇಕು. ಎರಡು ವರ್ಷಕ್ಕೊಮ್ಮೆಯಾದರೂ ಶಿಕ್ಷಕರು, ಸ್ಥಳೀಯ ಉದ್ಯಮದವರು, ಪೋಷಕರು, ವಿದ್ಯಾರ್ಥಿಗಳನ್ನು ಕೇಳಿ ಅಗತ್ಯಗಳ ಪಟ್ಟಿ ತಯಾರಿಸಬೇಕೆಂಬ ಕಟ್ಟಳೆಯಿದೆ. ಆ ಪಟ್ಟಿಯಲ್ಲಿ ಇಲ್ಲದ್ದಕ್ಕೆ ಆಮೇಲೆ ಹಣ ಕೇಳುವುದು ಕಷ್ಟ. ಅಂತಿಮ ಸುತ್ತಿನ ಬಸ್ಸಿನ ಮಾತನ್ನು ಪೋಷಕರು ಎತ್ತಬೇಕಾದದ್ದು ಆ ಪಟ್ಟಿ ತಯಾರಾಗುವ ಸಭೆಯಲ್ಲೇ.