ರೈಲಿನ ಬಾಯಾರಿಕೆ ತೀರಿದಾಗ...

ಎಡಕ್ಕೂ ಬಲಕ್ಕೂ ತಿರುಗದೆ ಒಂದು ರೈಲು ಎಷ್ಟು ದೂರ ಓಡಬಹುದು? ಆಸ್ಟ್ರೇಲಿಯಾದ ನಲ್ಲರ್‌ಬಾರ್ ಬಯಲಿನಲ್ಲಿ 478 ಕಿಲೋಮೀಟರ್! ಜಗತ್ತಿನಲ್ಲೇ ಅತಿ ಉದ್ದದ ಈ ನೇರ ರೈಲುದಾರಿಯ ಮೇಲಿದೆ ಕುಕ್ ಎಂಬ ನಿಲ್ದಾಣ. ಒಂದು ಕಾಲಕ್ಕೆ ಶಾಲೆ, ಆಸ್ಪತ್ರೆ, ಅಂಗಡಿ, ಈಜುಕೊಳ ಎಲ್ಲವೂ ಇದ್ದ ಊರು ಅದು. 2009ರ ವೇಳೆಗೆ ಅಲ್ಲಿದ್ದವರು ಕೇವಲ ನಾಲ್ಕು ಜನ.

ನಲ್ಲರ್‌ಬಾರ್ ಎಂಬುದು ಲ್ಯಾಟಿನ್ ಮೂಲದ ಹೆಸರು. 'ಮರವಿಲ್ಲದ್ದು' ಎಂದು ಅದರ ಅರ್ಥ. ಕೋಟ್ಯಂತರ ವರ್ಷಗಳ ಹಿಂದೆ ಇದು ಸಮುದ್ರದ ತಳ. ಕಡಲಜೀವಿಗಳ ಚಿಪ್ಪುಗಳೇ ಅಡಕವಾಗಿ ಇಲ್ಲಿನ ಸುಣ್ಣಕಲ್ಲಾದವು. ಬೀಳುವ ಅಲ್ಪಸ್ವಲ್ಪ ಮಳೆಯೂ ಬಿರುಕುಗಳಲ್ಲಿ ಇಂಗಿಹೋಗುವುದರಿಂದ ನದಿಯಿಲ್ಲ, ಕೆರೆಯಿಲ್ಲ.

ಇಂಥ ಕಡೆ ಊರೇಕೆ ಹುಟ್ಟಿತು? ಉಗಿ ಎಂಜಿನ್ನಿಗೆ ಕಲ್ಲಿದ್ದಲಿನಷ್ಟೇ ನೀರೂ ಬೇಕು. 1917ರಲ್ಲಿ ಮಾರ್ಗ ಪೂರ್ಣಗೊಂಡಾಗ ನೀರು ತುಂಬಲು, ಹಳಿ ನೋಡಿಕೊಳ್ಳಲು ಅಲ್ಲಲ್ಲಿ ನೆಲೆಗಳು ಎದ್ದವು. ಪ್ರಧಾನಿಯಾಗಿದ್ದ ಜೋಸೆಫ್ ಕುಕ್ ಅವರ ಹೆಸರು ಈ ನೆಲೆಗೆ ಬಂತು. ಆದರೆ ಈ ಬಯಲಿನ ಅಂತರ್ಜಲ ಉಪ್ಪು. ಗಡಸು ನೀರು ಕಾಯಿಸಿದ ಬಚ್ಚಲ ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ಲವೇ? ಬಾಯ್ಲರಿನೊಳಗೂ ಅದೇ ಕಥೆ. ಪದರ ದಪ್ಪವಾದಷ್ಟೂ ಶಾಖ ನೀರಿಗೆ ತಲುಪುವುದು ತಡ. ಕಲ್ಲಿದ್ದಲು ದಂಡ, ಕೊಳವೆಗಳಿಗೂ ಅಪಾಯ.

1951ರಲ್ಲಿ ಡೀಸೆಲ್ ಎಂಜಿನ್ ಬಂದು ಈ ತೊಂದರೆ ತಪ್ಪಿತು. ಮುಂದೆ ಮರದ ಸ್ಲೀಪರುಗಳ ಜಾಗಕ್ಕೆ ಕಾಂಕ್ರೀಟಿನವು ಬಂದವು. ದುರಸ್ತಿ ಕೆಲಸ ಇಳಿಯಿತು. ಆದರೆ ರೈಲಿನ ಬಾಯಾರಿಕೆಯೇ ಊರಿನ ಅನ್ನವಾಗಿತ್ತು! ದಿನಸಿ, ಮಾಂಸ, ಸಂಬಳದ ಹಣ ಹೊತ್ತು ತರುತ್ತಿದ್ದ 'ಟೀ ಅಂಡ್ ಶುಗರ್' ರೈಲು 1996ರಲ್ಲಿ ನಿಂತಿತು. 1997ರಲ್ಲಿ ರೈಲ್ವೆ ಖಾಸಗಿಯವರ ಪಾಲಾದಾಗ ಕುಟುಂಬಗಳು ಗಂಟುಮೂಟೆ ಕಟ್ಟಿದವು.

ಆಮೇಲೆ ಕುಕ್ ಉಳಿದದ್ದು ಎಂಜಿನ್ನಿಗೆ ಡೀಸೆಲ್ ತುಂಬುವ, ಚಾಲಕರು ಬದಲಾಗುವ ತಾಣವಾಗಿ. 'ಇಂಡಿಯನ್ ಪೆಸಿಫಿಕ್' ರೈಲಿನ ಪ್ರವಾಸಿಗರು ಇಳಿದು ಖಾಲಿ ಮನೆಗಳನ್ನೂ ಎರಡು ಪುಟ್ಟ ಸೆರೆಕೋಣೆಗಳನ್ನೂ ನೋಡಿ ಮರಳುತ್ತಾರೆ. ರೈಲಿಗೆ ನೀರು ಕೊಡಲೆಂದು ಹುಟ್ಟಿದ ಊರಿಗೆ ಈಗ ರೈಲೇ ನೀರು ತರಬೇಕಾಗಿದೆ.

ಹೊಸ ಯಂತ್ರ ಎಷ್ಟು ಉಳಿಸಿತು ಎಂದು ಲೆಕ್ಕ ಹಾಕುವ ವಿದ್ಯಾರ್ಥಿಗಳು, ಯಾರ ಕೆಲಸ ಹೋಯಿತು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು. ಆಗಲೇ ಲೆಕ್ಕ ಪೂರ್ತಿಯಾದಂತೆ.